ಅಳತೆಗೆ ಸಿಗದ ಸಾರುವೆ

ಲೋಕೋಪಯೋಗಿ ಇಲಾಖೆಯಲ್ಲಿ ಎಂ.ಬಿ.ಗೆ, ಅಂದರೆ ಕಾಮಗಾರಿಯ ಅಳತೆ ಪುಸ್ತಕಕ್ಕೆ, ಇರುವ ಮರ್ಯಾದೆ ಬೇರೆ ಯಾವ ಕಡತಕ್ಕೂ ಇಲ್ಲ. ಎಂ.ಬಿ. ಬರೆದಾಯಿತೇ, ಎಂ.ಬಿ. ಚೆಕ್ ಆಯಿತೇ, ಎಂ.ಬಿ. ಯಾರ ಹತ್ತಿರ ಇದೆ ಎಂಬ ಮಾತು ಅರಸೀಕೆರೆಯಾಗಲಿ ಬೇಲೂರಾಗಲಿ, ಎಂಜಿನಿಯರುಗಳು ಕೂರುವ ಯಾವ ಕಚೇರಿಯಲ್ಲೂ ದಿನಬೆಳಗಾದರೆ ಕೇಳಿಸುತ್ತದೆ. ಅಳತೆ ಪುಸ್ತಕದ ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು. ಶಾಯಿಯಲ್ಲೇ ಬರೆಯಬೇಕು, ಅಳಿಸಕೂಡದು, ತಪ್ಪಿದರೆ ಗೆರೆ ಎಳೆದು ಸಹಿ ಹಾಕಬೇಕು. ಕಿರಿಯ ಎಂಜಿನಿಯರ್ (ಜೆಇ) ಬರೆದದ್ದನ್ನು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ಎಇಇ) ಸ್ಥಳಕ್ಕೆ ಹೋಗಿ ತಾಳೆ ನೋಡಬೇಕು. ಮಣ್ಣಲ್ಲಿ ಮುಚ್ಚಿಹೋಗುವ ಪಾಯವನ್ನು ಮುಚ್ಚುವ ಮೊದಲೇ ಅಳೆಯಬೇಕು. ಕಾಂಕ್ರೀಟಿನಲ್ಲಿ ಮುಳುಗುವ ಕಬ್ಬಿಣವನ್ನು ಕಾಂಕ್ರೀಟು ಬೀಳುವ ಮೊದಲೇ ಎಣಿಸಬೇಕು. ಪುಸ್ತಕ ಕಳೆದರೆ ನೌಕರಿಗೇ ಸಂಚಕಾರ. ಬ್ರಿಟಿಷರ ಕಾಲದಿಂದ ಇಳಿದುಬಂದ ಈ ಶಿಸ್ತನ್ನು ಸರ್ಕಾರಿ ಕಾಮಗಾರಿಯ ಮೇಲ್ವಿಚಾರಣೆಯ ಬೆನ್ನೆಲುಬು ಎಂದು ಬಣ್ಣಿಸದ ಎಂಜಿನಿಯರನ್ನು ನಾನು ಕಂಡಿಲ್ಲ.

ಈ ಗೌರವ ಅತಿಯಾಯಿತು ಎಂಬುದು ನನ್ನ ವಾದ. ಸುಳ್ಳು ಎಂ.ಬಿ.ಗಳ ವಿಷಯ ಎತ್ತುತ್ತಿಲ್ಲ. ಅದನ್ನು ನೋಡಿಕೊಳ್ಳಲು ಲೋಕಾಯುಕ್ತವಿದೆ, ಆಡಿಟ್ ಇದೆ. ನಾನು ಹೇಳುತ್ತಿರುವುದು ಒಂದಂಕಿಯೂ ತಪ್ಪಿಲ್ಲದ, ಪ್ರಾಮಾಣಿಕ ಜೆಇ ಬಿಸಿಲಲ್ಲಿ ನಿಂತು ಟೇಪು ಹಿಡಿದು ಬರೆದ ಎಂ.ಬಿ.ಯ ಬಗ್ಗೆ. ಕೆಲಸದಾಳಿನ ಪ್ರಾಣದ ವಿಷಯದಲ್ಲಿ ಆ ಪುಸ್ತಕ ಕುರುಡು. ಆ ಕುರುಡುತನ ಬರೆಯುವವನದ್ದಲ್ಲ, ಪುಸ್ತಕ ಕಟ್ಟಿದ ರೀತಿಯದ್ದು.

ಒಂದೇ ಒಂದು ಐಟಂ ತೆಗೆದುಕೊಳ್ಳೋಣ, ಗೋಡೆಯ ಸಿಮೆಂಟ್ ಪ್ಲಾಸ್ಟರಿಂಗ್. ಎಸ್.ಆರ್. ಎಂದು ಎಲ್ಲರೂ ಕರೆಯುವ ದರಪಟ್ಟಿಯಲ್ಲಿ ಇದರ ವಿವರಣೆ ಒಂದೇ ಉದ್ದನೆಯ ವಾಕ್ಯ. ದಪ್ಪ ಎಷ್ಟು ಮಿಲಿಮೀಟರ್, ಸಿಮೆಂಟು ಮರಳಿನ ಪ್ರಮಾಣ ಎಷ್ಟು, ಮೂಲೆ ತಿದ್ದುವುದು, ಮಟ್ಟ ಮಾಡುವುದು ಎಲ್ಲ ಮುಗಿದ ಮೇಲೆ, ವಾಕ್ಯದ ಬಾಲದಲ್ಲಿ, ಸಾರುವೆ ಕಟ್ಟಿ ಬಿಚ್ಚುವ ಖರ್ಚು, ಸಾಮಗ್ರಿ, ಕೂಲಿ, ಕ್ಯೂರಿಂಗ್ ಎಲ್ಲವೂ ಸೇರಿದೆ ಎಂಬ ಅರ್ಥದ ಮಾತು ಬರುತ್ತದೆ. ದರ ಒಂದು ಚದರ ಮೀಟರಿಗೆ. ಎಂ.ಬಿ.ಯಲ್ಲಿ ಇದು ಹೇಗೆ ಇಳಿಯುತ್ತದೆ? ಉದ್ದ, ಎತ್ತರ, ಗುಣಲಬ್ಧ, ಅದರಲ್ಲಿ ಬಾಗಿಲು ಕಿಟಕಿಯ ಕಳೆ. ಅಷ್ಟೇ. ಗೋಡೆ ನೆಲದಿಂದ ಒಂದಾಳೆತ್ತರ ಇದ್ದರೂ ಎರಡನೇ ಮಹಡಿಯ ಹೊರಮೈಯಾದರೂ ಆ ಕಾಲಮ್ಮುಗಳಲ್ಲಿ ಕೂರುವುದು ಪ್ಲಾಸ್ಟರಿನ ವಿಸ್ತೀರ್ಣ ಮಾತ್ರ. ಆ ಎತ್ತರದಲ್ಲಿ ಮೇಸ್ತ್ರಿ ಯಾವುದರ ಮೇಲೆ ನಿಂತು ಕರಣೆ ಆಡಿಸಿದ ಎಂಬುದನ್ನು ಬರೆಯಲು ಜಾಗವೇ ಇಲ್ಲ.

ಈಗ ಟೆಂಡರಿನ ಲೆಕ್ಕ ನೋಡಿ. ಗುತ್ತಿಗೆದಾರ ಅಂದಾಜಿಗಿಂತ ಕಡಿಮೆಗೆ ಕೂಗಿ ಕೆಲಸ ಹಿಡಿದಿದ್ದಾನೆ. ಎಲ್ಲಿ ಉಳಿಸಬೇಕು? ಸಿಮೆಂಟಿನಲ್ಲಿ ಕದ್ದರೆ 15 ಸೆಂಟಿಮೀಟರಿನ ಕ್ಯೂಬು 28ನೇ ದಿನ ಪ್ರಯೋಗಾಲಯದಲ್ಲಿ ಒಡೆದು ಗುಟ್ಟು ರಟ್ಟು ಮಾಡುತ್ತದೆ. ಕಬ್ಬಿಣ ತೂಕಕ್ಕೆ ಸಿಗುತ್ತದೆ, ಪ್ಲಾಸ್ಟರ್ ಟೇಪಿಗೆ ಸಿಗುತ್ತದೆ. ಅಳತೆಗೂ ಪರೀಕ್ಷೆಗೂ ಸಿಗದೆ, ಆದರೂ ಹಣ ಬಂದೇ ಬರುವ ಭಾಗ ಒಂದೇ: ವಾಕ್ಯದ ಬಾಲದಲ್ಲಿರುವ ಸಾರುವೆ. ಎರಡು ಹಲಗೆಯ ಜಾಗದಲ್ಲಿ ಒಂದು ಹಲಗೆ, ಕಬ್ಬಿಣದ ಪೈಪಿನ ಜಾಗದಲ್ಲಿ ಸರ್ವೆ ಮರ, ಕಟ್ಟಲು ಹಳೆಯ ಹಗ್ಗ, ತಡೆಕಂಬಿಗೆ ಏನೂ ಇಲ್ಲ. ಬಿಲ್ಲು ಒಂದು ರೂಪಾಯಿಯೂ ಕಡಿಮೆಯಾಗದು. ಉಳಿತಾಯವೆಲ್ಲ ಅಲ್ಲೇ. ಗುತ್ತಿಗೆದಾರ ಕೆಟ್ಟವನೆಂದು ಬೈದರೆ ಪ್ರಯೋಜನವಿಲ್ಲ. ದರಪಟ್ಟಿಯೂ ಅಳತೆ ಪುಸ್ತಕವೂ ಸೇರಿ ಅವನಿಗೆ ಈ ದಾರಿ ತೋರಿಸಿವೆ. ಪಾಯದ ಅಗೆತದಲ್ಲೂ ಇದೇ ಪಾಡು. ನಕ್ಷೆ ತೋರಿಸಿದ ಅಗಲಕ್ಕಷ್ಟೇ ಹಣ. ದಂಡೆ ಕುಸಿಯದಿರಲೆಂದು ಇಳಿಜಾರು ಮಾಡಿ ಅಗೆದ ಹೆಚ್ಚುವರಿ ಮಣ್ಣು ಗುತ್ತಿಗೆದಾರನ ನಷ್ಟ.

ಸುರಕ್ಷತೆಯ ನಿಯಮಗಳೇ ಇಲ್ಲವೇ ಎಂದರೆ, ಇವೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಷರತ್ತುಗಳಿಗೆ ಅಂಟಿಕೊಂಡಿರುವ ಸುರಕ್ಷತಾ ಸಂಹಿತೆಯನ್ನು ಓದಿದವರಿಗೆ ಅದನ್ನು ಬರೆದವರ ಬಗ್ಗೆ ಗೌರವ ಹುಟ್ಟದೆ ಇರದು. ನೆಲದಿಂದ 3.6 ಮೀಟರಿಗಿಂತ ಮೇಲಿನ ಸಾರುವೆಗೆ ಕನಿಷ್ಠ 90 ಸೆಂಟಿಮೀಟರ್ ಎತ್ತರದ ತಡೆಕಂಬಿ ಇರಬೇಕು. 1.2 ಮೀಟರ್ ಆಳದ ಕಂದಕಕ್ಕೆ ಪ್ರತಿ 30 ಮೀಟರ್ ಉದ್ದಕ್ಕೆ ಒಂದು ಏಣಿ ಬೇಕು, ಆ ಏಣಿ ನೆಲಮಟ್ಟಕ್ಕಿಂತ 90 ಸೆಂಟಿಮೀಟರ್ ಮೇಲೆ ಚಾಚಿರಬೇಕು. ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಬುಡ ಕೊರೆದು ಮೇಲಿನದನ್ನು ಬೀಳಿಸುವ ಅಗೆತವಂತೂ ಕೂಡದು. ಏಣಿಯ ತುದಿ ಅಷ್ಟು ಮೇಲೆ ಯಾಕಿರಬೇಕು ಎಂಬುದು, ಮಣ್ಣು ಜಾರತೊಡಗಿದಾಗ ಕೈಗೆ ಹಿಡಿತ ಹುಡುಕುವವನಿಗೆ ಗೊತ್ತು. ಅದನ್ನು ಬರೆದವರೂ ಕಂದಕದೊಳಗೆ ನಿಂತು ನೋಡಿಯೇ ಬರೆದಿದ್ದಾರೆ. ಸರ್ಕಾರಿ ಗದ್ಯದಲ್ಲಿ ಇಷ್ಟು ಕಾಳಜಿಯ, ಇಷ್ಟು ಖಚಿತವಾದ ಬರಹ ಅಪರೂಪ. ಎಂ.ಬಿ.ಗೆ ಸಂದ ಕೀರ್ತಿಯ ನೂರರಲ್ಲೊಂದು ಪಾಲೂ ಇದಕ್ಕೆ ಸಿಕ್ಕಿಲ್ಲ. ಇದರ ಯಾವ ಸಾಲಿಗೂ ಎಸ್ಟಿಮೇಟಿನಲ್ಲಿ ಬೇರೆಯಾದ ದರವಿಲ್ಲ, ದರವಿಲ್ಲದ್ದನ್ನು ಯಾರೂ ಅಳೆಯುವುದಿಲ್ಲ.

ಕಾಯ್ದೆಯ ಬಲವೂ ಇಲ್ಲಿಗೆ ತಲುಪುವುದಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷತಾ ಸಮಿತಿಯನ್ನು ಕಡ್ಡಾಯ ಮಾಡಿದ್ದು 500 ಕೆಲಸಗಾರರಿರುವ ಕಡೆ. ಎತ್ತಿನಹೊಳೆ ಕಾಲುವೆಯಂಥ ಕಾಮಗಾರಿ ಈ ಸೀಮೆಯನ್ನು ಹಾದುಹೋಗುವಾಗ ಆ ಲೆಕ್ಕಕ್ಕೆ ಬಂದೀತು. ಹಳ್ಳಿಯ ಶಾಲಾ ಕೊಠಡಿ, ಆರೋಗ್ಯ ಕೇಂದ್ರ, ಹಾಸ್ಟೆಲ್ಲಿನ ಮೇಲಂತಸ್ತು, ತಾಲ್ಲೂಕು ಕಚೇರಿಯ ರಿಪೇರಿ ಇಂಥವು ಹತ್ತಿಪ್ಪತ್ತು ಜನರಲ್ಲಿ ಮುಗಿಯುತ್ತವೆ. ಸರ್ಕಾರಿ ಕಟ್ಟಡಗಳಲ್ಲಿ ಬಹುಪಾಲು ಇಂಥವೇ. ಅಲ್ಲಿಗೆ ಬರುವುದು ಬಿಲ್ಲಿನಲ್ಲಿ ಮುರಿದುಕೊಳ್ಳುವ ಶೇ 1ರ ಸೆಸ್ ಮಾತ್ರ. 2007ರಲ್ಲಿ ಹುಟ್ಟಿದ ರಾಜ್ಯದ ಕಲ್ಯಾಣ ಮಂಡಳಿಗೆ ಆ ಹಣ ಸೇರಿ, ಬಿದ್ದವನಿಗೆ ನೆರವಾಗುತ್ತದೆ. ಒಳ್ಳೆಯದೇ. ಬೀಳುವ ಮೊದಲು ಬೇಕಿದ್ದ ಹಲಗೆ ಮಾತ್ರ ಅದರಿಂದ ಬರುವುದಿಲ್ಲ.

ಇಲ್ಲಿ ನನಗೆ ಎರಡು ಬಗೆಯ ವಿಮರ್ಶಕರ ಜೊತೆ ಜಗಳವಿದೆ.

ಮೊದಲನೆಯವರು ಭ್ರಷ್ಟಾಚಾರದ ವಿಮರ್ಶಕರು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40ರ ಕಮಿಷನ್ ಆರೋಪ ಮಾಡಿದ ಮೇಲೆ ಸರ್ಕಾರಿ ಕಾಮಗಾರಿಯ ಬಗ್ಗೆ ಕನ್ನಡದಲ್ಲಿ ಬಂದ ಬರಹವೆಲ್ಲ ಆ ಒಂದು ಅಂಕಿಯ ಸುತ್ತ ಗಿರಕಿ ಹೊಡೆಯಿತು. ಯಾರಿಗೆ ಎಷ್ಟು ಹೋಯಿತು, ರಸ್ತೆ ಎಷ್ಟು ದಿನಕ್ಕೆ ಕಿತ್ತಿತು. ಕೇಳಬೇಕಾದ ಪ್ರಶ್ನೆಗಳೇ. ಆದರೆ ಕಮಿಷನ್ ಹೋದ ಮೇಲೆ ಉಳಿದ ಹಣದಲ್ಲಿ ಮೊದಲು ಕೊರತೆ ಬೀಳುವುದು ಯಾವುದಕ್ಕೆ ಎಂದು ಒಬ್ಬರಾದರೂ ಬರೆದರೇ? ಕಳಪೆ ಕಾಮಗಾರಿ ಎಂದರೆ ಅವರಿಗೆ ಬಿರುಕು ಬಿಟ್ಟ ಗೋಡೆ ಮಾತ್ರ. ಗಟ್ಟಿಯಾಗಿ ನಿಂತ ಗೋಡೆಯೂ ಒಬ್ಬನ ಬೆನ್ನುಮೂಳೆ ಮುರಿದು ಎದ್ದಿದ್ದರೆ ಆ ಕಾಮಗಾರಿಯೂ ಕಳಪೆಯೇ. ಹಾಗೆ ಬರೆದ ವರದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಸಿಕ್ಕುವುದು ಒಳಪುಟದ ಎರಡಿಂಚು: ಆಯತಪ್ಪಿ ಬಿದ್ದು ಕಾರ್ಮಿಕ ಸಾವು. ತಪ್ಪಿದ್ದು ಅವನ ಆಯ. ತಡೆಕಂಬಿ ಇತ್ತೇ ಇಲ್ಲವೇ ಎಂಬುದು ಸುದ್ದಿಯಲ್ಲ.

ಎರಡನೆಯವರು ಪರಂಪರೆಯ ವಿಮರ್ಶಕರು. ಇವರ ಜೊತೆಗಿನ ಜಗಳ ದೊಡ್ಡದು. ಹಾಸನ ಜಿಲ್ಲೆಯಲ್ಲಿ ಯಾವ ಶಂಕುಸ್ಥಾಪನೆಯ ವೇದಿಕೆಯಲ್ಲೂ, ಯಾವ ಸಾಂಸ್ಕೃತಿಕ ಅಂಕಣದಲ್ಲೂ ಇವರ ಮಾತು ಒಂದೇ: ಹೊಯ್ಸಳರು ಟೆಂಡರ್ ಕರೆಯಲಿಲ್ಲ, ಅದಕ್ಕೇ ಬೇಲೂರು ಹಳೇಬೀಡು ಒಂಬೈನೂರು ವರ್ಷ ನಿಂತಿವೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಈ ಮಾತಿನ ಸದ್ದು ಇನ್ನೂ ಏರಿದೆ. ಬೇಲೂರಿನ ಶಿಲ್ಪದ ಬಗ್ಗೆ ನನಗೆ ಎರಡು ಮಾತಿಲ್ಲ. ಅದನ್ನು ಕಾಮಗಾರಿ ನಿರ್ವಹಣೆಯ ಮಾದರಿ ಎಂದು ಎತ್ತಿ ಹಿಡಿಯುವುದು ಮಾತ್ರ ಓದದೆ ಆಡುವ ಮಾತು. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ತೆರೆದ ನವರಂಗಕ್ಕೆ ಜಾಲಂಧ್ರದ ಗೋಡೆ ಬಂದದ್ದು ಇಮ್ಮಡಿ ಬಲ್ಲಾಳನ ಕಾಲಕ್ಕೆ. ವಿಜಯನಗರದ ಕಾಲಕ್ಕೆ ಒಳಗೆ ಆಸರೆಯ ಕಂಬ ಕೊಡಬೇಕಾಯಿತು. ಸುಟ್ಟುಹೋದ ಮಹಾದ್ವಾರದ ಗೋಪುರವನ್ನು 1397ರಲ್ಲಿ ಗುಂಡ ದಂಡನಾಯಕ ಮತ್ತೆ ಕಟ್ಟಿಸಿದ. ಗರ್ಭಗುಡಿಯ ಮೇಲಿನ ಶಿಖರ ಇಂದು ಇಲ್ಲ. ಹಳೇಬೀಡಿನ ಕೇದಾರೇಶ್ವರದ ಶಿಖರವನ್ನು ಬೇರುಬಿಟ್ಟ ಮರವೊಂದು ಸೀಳಿ ಕೆಡವಿತು. ಈ ಗುಡಿಗಳು ತಾವಾಗಿ ನಿಂತಿಲ್ಲ. ತಲೆಮಾರಿಗೊಮ್ಮೆ ಯಾರೋ ಮೇಲೆ ಹತ್ತಿ ರಿಪೇರಿ ಮಾಡಿದ್ದಾರೆ. ಮೂರು ತಲೆಮಾರು, 103 ವರ್ಷ ಕಟ್ಟಿದರು ಎಂದು ಗೈಡುಗಳು ಹೇಳುವುದೂ ಶಾಸನದ ಮಾತಲ್ಲ.

ಇನ್ನು ಈ ಗುಡಿಗಳ ಶಿಲ್ಪಿಯೆಂದು ಜನ ನಂಬಿರುವ ಜಕಣಾಚಾರಿ. ಬೇಲೂರು ಹಳೇಬೀಡಿನ ಶಾಸನಗಳಲ್ಲಿ ಆ ಹೆಸರಿಲ್ಲ ಎಂದು ವಿದ್ವಾಂಸರು ಹೇಳಿ ಎಷ್ಟೋ ಕಾಲವಾಯಿತು. ಇತಿಹಾಸಕಾರ ಷ. ಶೆಟ್ಟರ್ ಶಿಲ್ಪಿಗಳ ಸಹಿಗಳನ್ನು ಒಂದೊಂದಾಗಿ ಓದಿ ತೋರಿಸಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹಳೇಬೀಡಿನ ಕೇದಾರೋಜ ಇವರೆಲ್ಲ ಹೆಸರಿರುವ ನಿಜವಾದ ರೂವಾರಿಗಳು. ಹೊಯ್ಸಳೇಶ್ವರವನ್ನು ಕಟ್ಟಿಸಿದ ಅಧಿಕಾರಿ ಕೇತಮಲ್ಲನ ಹೆಸರೂ ಘಟ್ಟದಹಳ್ಳಿಯ ಶಾಸನದಲ್ಲಿದೆ. ಆದರೂ ಸರ್ಕಾರ ಜನವರಿ 1ನ್ನು ಜಕಣಾಚಾರಿಯ ಸಂಸ್ಮರಣೆಗೆ ಕೊಟ್ಟಿದೆ. ದಾಸೋಜನಿಗೆ ದಿನವಿಲ್ಲ.

ಇತಿಹಾಸ ಹೌದೋ ಅಲ್ಲವೋ ಎಂಬ ಚರ್ಚೆಗಿಂತ ನನ್ನನ್ನು ಕಾಡುವುದು ಆ ಕತೆಯ ಒಳಗಿರುವ ಮೇಲ್ವಿಚಾರಣೆಯ ಕಲ್ಪನೆ. 1964ರ ಬಣ್ಣದ ಚಿತ್ರ ಬಂದಮೇಲೆ ಕತೆ ಎಲ್ಲರಿಗೂ ಬಾಯಿಪಾಠ. ಒಮ್ಮೆ ನಿಧಾನವಾಗಿ ನೋಡಿ. ಕಲ್ಲು ಗಣಿಯಿಂದ ಬಂದಿದೆ, ಮೂರ್ತಿ ಪೂರ್ತಿಯಾಗಿದೆ, ಪ್ರತಿಷ್ಠೆಗೆ ಸಿದ್ಧವಾಗಿದೆ. ಆಗ ಹುಡುಗನೊಬ್ಬ ಬಂದು ದೋಷವಿದೆ ಎನ್ನುತ್ತಾನೆ. ಗಂಧ ಬಳಿಯುತ್ತಾರೆ, ಮೈಯೆಲ್ಲ ಒಣಗಿ ಹೊಕ್ಕಳ ಸುತ್ತ ಮಾತ್ರ ಹಸಿ ಉಳಿಯುತ್ತದೆ, ಒಡೆದರೆ ನೀರು, ಕಪ್ಪೆ. ಗಂಧದ ಪರೀಕ್ಷೆ ಅಷ್ಟು ಸುಲಭವಾಗಿದ್ದರೆ ಕಲ್ಲು ಇಳಿಸಿದ ದಿನವೇ ಅದನ್ನು ಯಾರೂ ಯಾಕೆ ಮಾಡಲಿಲ್ಲ? ಕಲ್ಲು ಆರಿಸಿದವರು ಯಾರು, ಒಪ್ಪಿಕೊಂಡವರು ಯಾರು? ಕತೆ ಕೇಳುವುದಿಲ್ಲ. ಪರೀಕ್ಷೆ ಕೆಲಸ ಮುಗಿದ ಮೇಲೆ, ಶಿಕ್ಷೆ ಉಳಿ ಹಿಡಿದವನ ಮೈಗೆ. ಬಲಗೈ ಕತ್ತರಿಸಿಕೊಂಡದ್ದನ್ನು ನಾವು ಆತ್ಮಗೌರವ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ಕೈದಾಳದಲ್ಲಿ ದೇವರು ಕೈ ಮರಳಿಸಿದ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಕಟ್ಟಡ ಕೆಲಸದ ಬಗ್ಗೆ ಕನ್ನಡ ನಾಡಿನ ಅತಿ ಪ್ರಸಿದ್ಧ ಕತೆಯಲ್ಲಿ ಒಬ್ಬ ಕೆಲಸಗಾರ ಕೈ ಕಳೆದುಕೊಳ್ಳುತ್ತಾನೆ, ಅದಕ್ಕೆ ಅವನೊಬ್ಬನೇ ಹೊಣೆ. ಪರಂಪರೆಯ ವಿಮರ್ಶಕರು ಇದನ್ನು ಒಮ್ಮೆಯೂ ಪ್ರಶ್ನಿಸದೆ ಮೆರೆಸಿದ್ದು ನನಗೆ ನೋವಿನ ಸಂಗತಿ. ನಷ್ಟಪರಿಹಾರದ 1923ರ ಕಾಯ್ದೆಯ ಅನುಸೂಚಿ ಒಂದು ಕೈ ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ 60 ನಷ್ಟ ಎಂದು ಗೊತ್ತುಮಾಡಿತು. ಆ ಒಣ ಪಟ್ಟಿ ಕತೆಗಿಂತ ಮನುಷ್ಯತ್ವದ್ದು. ಕೈ ಮರಳಿ ಬರುವುದಿಲ್ಲ ಎಂದು ಅದಕ್ಕೆ ಗೊತ್ತಿದೆ.

ಎಂ.ಬಿ.ಯ ಮೇಲ್ವಿಚಾರಣೆಯೂ ಇದೇ ಕತೆಯ ಜಾಡಿನಲ್ಲಿದೆ. ಮುಗಿದದ್ದನ್ನು ಅಳೆಯುತ್ತದೆ, ಮುಗಿಸುವಾಗ ನಡೆದದ್ದನ್ನು ಬಿಡುತ್ತದೆ. ತಾತ್ಕಾಲಿಕವಾದದ್ದನ್ನು ಹೇಗೆ ಅಳೆಯುವುದು ಎಂದು ಎಂಜಿನಿಯರುಗಳು ಕೇಳುತ್ತಾರೆ. ಸೆಂಟ್ರಿಂಗ್ ತಾತ್ಕಾಲಿಕವಲ್ಲವೇ? ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚಿ ಒಯ್ಯುತ್ತಾರೆ. ಕೇಂದ್ರ ಲೋಕೋಪಯೋಗಿಯ ದರಪಟ್ಟಿಯಲ್ಲಿ ಅದಕ್ಕೆ ಚದರ ಮೀಟರಿನ ಲೆಕ್ಕದಲ್ಲಿ ಬೇರೆಯೇ ದರವಿದೆ. ಸಾರುವೆಗೂ ಇದೆ. ಅದೇ ದರಪಟ್ಟಿಯ ರಿಪೇರಿ ಅಧ್ಯಾಯದಲ್ಲಿ, ಹೊರಗೋಡೆಗೆ ಕಟ್ಟುವ ಕಬ್ಬಿಣದ ಕಪ್‌ಲಾಕ್ ಜೋಡಿ ಸಾರುವೆಗೆ ಪ್ರತ್ಯೇಕ ಐಟಂ ಇದೆ. ಅದು ಆವರಿಸುವ ಗೋಡೆಮುಖದ ವಿಸ್ತೀರ್ಣವನ್ನು ಅಳೆದು ಹಣ ಕೊಡುತ್ತಾರೆ. ಹಳೆಯ ಕಟ್ಟಡ ರಿಪೇರಿ ಮಾಡುವವನ ಸಾರುವೆ ಅಳತೆಗೆ ಸಿಗುತ್ತದೆ, ಹೊಸ ಶಾಲೆ ಕಟ್ಟುವವನದ್ದು ಸಿಗುವುದಿಲ್ಲ ಎಂದರೆ ತೊಡಕು ಎಂಜಿನಿಯರಿಂಗಿನದ್ದಲ್ಲ.

ರಾಜ್ಯದ ಎಸ್.ಆರ್.ನಲ್ಲಿ ಒಂದು ಮಹಡಿಗಿಂತ ಎತ್ತರದ ಎಲ್ಲ ಕೆಲಸಕ್ಕೂ ಸಾರುವೆಯನ್ನು ಪ್ಲಾಸ್ಟರಿನ ಹೊಟ್ಟೆಯಿಂದ ಹೊರತೆಗೆದು ಬೇರೆ ಐಟಂ ಮಾಡಬೇಕು. ಆ ಐಟಮ್ಮಿನ ವಿವರಣೆಯಲ್ಲೇ ತಡೆಕಂಬಿ, ಹಲಗೆಯ ಅಗಲ, ಏಣಿ ಬರೆದಿರಬೇಕು. ಒಂದೂವರೆ ಮೀಟರಿಗಿಂತ ಆಳದ ಅಗೆತಕ್ಕೆ ದಂಡೆಯ ಆಸರೆಯೂ ಹಾಗೆಯೇ. ಪ್ಲಾಸ್ಟರಿನ ದರದಿಂದ ಆ ಭಾಗ ಕಳೆಯಲಿ, ಒಟ್ಟು ಎಸ್ಟಿಮೇಟು ಹೆಚ್ಚು ಏರುವುದಿಲ್ಲ. ಕಟ್ಟದ ಸಾರುವೆಗೂ ಬಿಲ್ಲು ಬರೆದುಬಿಡುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಬರೆದಾರು, ಕಬ್ಬಿಣಕ್ಕೂ ಹಾಗೆ ಬರೆಯುವವರಿದ್ದಾರೆ, ಅದಕ್ಕಾಗಿ ಯಾರೂ ಕಬ್ಬಿಣದ ಅಳತೆ ಬೇಡವೆನ್ನಲಿಲ್ಲ. ಮುಚ್ಚಿಹೋಗುವ ಪಾಯಕ್ಕೆ ಇರುವ ನಿಯಮವೇ ಇದಕ್ಕೂ ಸಾಕು: ಸಾರುವೆ ನಿಂತಿರುವಾಗ, ಕೆಲಸಗಾರ ಮೇಲೆ ಹತ್ತುವ ಮೊದಲು, ಜೆಇ ಅಳತೆ ತೆಗೆದು ಶಾಯಿಯಲ್ಲಿ ಬರೆಯಬೇಕು, ಎಇಇ ಬಂದು ತಾಳೆ ನೋಡಬೇಕು. ತಡೆಕಂಬಿ ಇಲ್ಲದ ಕಡೆ ಆ ಸಾಲು ಬರೆಯುವಂತಿಲ್ಲ, ಆ ಸಾಲಿಲ್ಲದೆ ಅದರ ಮೇಲಿನ ಪ್ಲಾಸ್ಟರಿಗೆ ಬಿಲ್ಲು ಆಗುವಂತಿಲ್ಲ.