ಗೇಣುದ್ದದ ಎಂಜಿನ್, ಪರದೇಶದ ದನಿ

ಹುಬ್ಬಳ್ಳಿ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್ನಿಗೆ ಗಂಟೆಯಿಲ್ಲ. ಆದರೆ ಅದರ ಮಾಡೆಲ್ಲೊಂದನ್ನು ಕಟ್ಟಿ, ಒಳಗೆ ಒಳ್ಳೆಯ ಸೌಂಡ್ ಡಿಕೋಡರ್ ಕೂಡಿಸಿ, ಕಂಪನಿಯವರು ಬಿಟ್ಟ ಹೊಚ್ಚ ಹೊಸ ಸೌಂಡ್ ಫೈಲ್ ಏರಿಸಿ ಒಂದನೇ ಗುಂಡಿ ಒತ್ತಿ ನೋಡಿ. ಢಣಢಣ ಗಂಟೆ ಬಾರಿಸುತ್ತದೆ. ಎರಡನೆಯದನ್ನು ಒತ್ತಿದರೆ ನಾಲ್ಕೈದು ಸ್ವರ ಕೂಡಿದ ಅಮೆರಿಕದ ಹಾರ್ನ್. ಎಂಜಿನ್ ನಮ್ಮದು, ಬಣ್ಣ ನಮ್ಮದು, ಬದಿಯಲ್ಲಿ ಬರೆದ ಶೆಡ್ಡಿನ ಹೆಸರು ನಮ್ಮದು. ಬಾಯಿ ತೆರೆದರೆ ಮಾತ್ರ ಟೆಕ್ಸಸ್ಸಿನ ಬಯಲು.

ಮಾಡೆಲ್ ರೈಲಿನ ಹವ್ಯಾಸದಲ್ಲಿ ಈ ಅಪ್‌ಡೇಟ್ ಎಂಬ ಕೆಲಸ ಈಗ ಒಂದು ವ್ರತದಂತೆ ನಡೆಯುತ್ತದೆ. ಫರ್ಮ್‌ವೇರ್ ಬದಲಿಸು, ಫೈಲ್ ಬದಲಿಸು, ಮತ್ತೆ ಬದಲಿಸು. ಇದರಿಂದ ದಕ್ಕಿದ್ದೇನು ಎಂದು ಹುಬ್ಬಳ್ಳಿಯ ಕಿವಿಯಿಂದ ಕೇಳಿ ನೋಡಬೇಕಿದೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ಓಡಿಸುವ ಸಾಫ್ಟ್‌ವೇರ್ (ಅದೇ ಫರ್ಮ್‌ವೇರ್) ನಿಜಕ್ಕೂ ಸುಧಾರಿಸಿದೆ. ಸೌಂಡ್ ಫೈಲು ಸುಧಾರಿಸಿದಷ್ಟೂ ನಮ್ಮಿಂದ ದೂರ ಹೋಗಿದೆ.

ಈ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಹಿಂದೆ ಹಳಿಗೆ ಕೊಡುವ ವೋಲ್ಟೇಜ್ ಏರಿಸಿದರೆ ಎಂಜಿನ್ ಓಡುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು. ಜರ್ಮನಿಯ ಲೆಂಜ್ ಕಂಪನಿ ರೂಪಿಸಿದ ಡಿಜಿಟಲ್ ಪದ್ಧತಿಯನ್ನು ಅಮೆರಿಕದ ಮಾಡೆಲ್ ರೈಲು ಸಂಘ 1990ರ ದಶಕದಲ್ಲಿ ಮಾನದಂಡ ಮಾಡಿಕೊಂಡಿತು. ಅದೇ ಡಿಸಿಸಿ. ಹಳಿಯಲ್ಲಿ ಕರೆಂಟು ಸದಾ ಪೂರ್ತಿ ಇರುತ್ತದೆ, ಅದರ ಮೇಲೇ ಆಜ್ಞೆಗಳೂ ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಕೂತ ಡಿಕೋಡರ್ ತನ್ನ ನಂಬರಿಗೆ ಬಂದ ಆಜ್ಞೆಯನ್ನಷ್ಟೇ ಓದಿಕೊಳ್ಳುತ್ತದೆ. ಡಿಕೋಡರಿನ ನಡವಳಿಕೆಯೆಲ್ಲ ಸಿವಿ ಎಂಬ ಅಂಕಿಗಳಲ್ಲಿದೆ: ಸಿವಿ 1 ವಿಳಾಸ, ಸಿವಿ 3 ವೇಗ ಏರುವ ರೀತಿ, ಸಿವಿ 4 ಇಳಿಯುವ ರೀತಿ. ಜರ್ಮನಿಯ ಇಎಸ್‌ಯು, ಆಸ್ಟ್ರಿಯಾದ ಝಿಮೊ, ಅಮೆರಿಕದ ಸೌಂಡ್‌ಟ್ರ್ಯಾಕ್ಸ್ ಈ ಮಾರುಕಟ್ಟೆಯ ದೊಡ್ಡ ಹೆಸರುಗಳು. ಒಂದು ಸೌಂಡ್ ಡಿಕೋಡರಿಗೆ ನೂರು ಯೂರೋ ಆಸುಪಾಸು, ಸುಂಕ ಬೇರೆ. ಇಎಸ್‌ಯು ಡಿಕೋಡರಿನ ಫೈಲ್ ಬದಲಿಸಲು ಅವರದೇ ಲೋಕ್‌ಪ್ರೋಗ್ರಾಮರ್ ಪೆಟ್ಟಿಗೆ ಬೇಕು. ಸಾಫ್ಟ್‌ವೇರ್ ಪುಕ್ಕಟೆ, ಪೆಟ್ಟಿಗೆ ಪುಕ್ಕಟೆಯಲ್ಲ, ಕಂಪ್ಯೂಟರಿನಲ್ಲಿ ವಿಂಡೋಸ್ ಇರಲೇಬೇಕು.

ಮೊದಲು ಹೊಗಳಬೇಕಾದದ್ದನ್ನು ಹೊಗಳೋಣ. ಮೋಟರ್ ತಿರುಗುವಾಗ ಅದೇ ಹುಟ್ಟಿಸುವ ಹಿಮ್ಮುಖ ವೋಲ್ಟೇಜನ್ನು ಅಳೆದು ವೇಗ ಹದ ಮಾಡುವ ತಂತ್ರ ಫರ್ಮ್‌ವೇರಿನಿಂದ ಫರ್ಮ್‌ವೇರಿಗೆ ನಯವಾಗಿದೆ. ಮೊದಲು ಜಿಗಿದು ಹೊರಡುತ್ತಿದ್ದ ಎಂಜಿನ್ ಈಗ ನಿಜವಾದ 126 ಟನ್ ಭಾರ ಹೊತ್ತಂತೆ ಜರುಗುತ್ತದೆ. ಇದಕ್ಕಿಂತ ದೊಡ್ಡ ಹೆಜ್ಜೆ ಎಂದರೆ ಇಎಸ್‌ಯು ತಂದ ಫುಲ್ ಥ್ರಾಟಲ್. ಅದಕ್ಕೂ ಮೊದಲಿನ ಫೈಲುಗಳಲ್ಲಿ ಸದ್ದಿಗೂ ವೇಗಕ್ಕೂ ಗಂಟು ಹಾಕಿತ್ತು: ಜೋರಾಗಿ ಓಡಿದರೆ ಜೋರು ಸದ್ದು, ನಿಧಾನಕ್ಕೆ ಹೋದರೆ ಮೆಲುದನಿ. ಕುಲೆಂನಿಂದ ಕ್ಯಾಸಲ್‌ರಾಕ್‌ಗೆ ಘಾಟ್ ಹತ್ತುವ ಗೂಡ್ಸ್ ಗಾಡಿ ನೋಡಿದವರಿಗೆ ಇದು ಎಷ್ಟು ಸುಳ್ಳೆಂದು ಗೊತ್ತು. 37 ಅಡಿ ಹೋದರೆ ಒಂದು ಅಡಿ ಏರುವ ಚಢಾವು ಅದು. ಮುಂದೆ ಎಂಜಿನ್ನುಗಳು, ಹಿಂದಿನಿಂದ ತಳ್ಳುವ ಬ್ಯಾಂಕರುಗಳು, ಎಲ್ಲ ಥ್ರಾಟಲ್ಲಿನ ಕೊನೆಯ ಹಂತವಾದ ಎಂಟನೆಯ ನಾಚ್‌ನಲ್ಲಿ ಅರಚುತ್ತಿರುತ್ತವೆ. ಗಾಡಿ ಮಾತ್ರ ಪಕ್ಕದಲ್ಲಿ ಓಡುವ ಹುಡುಗನಿಗೂ ಸೋಲುವ ಹಾಗೆ ತೆವಳುತ್ತಿರುತ್ತದೆ. ಇಳಿಯುವಾಗ ತದ್ವಿರುದ್ಧ. ಗಾಡಿ ಜಾರುತ್ತಿದ್ದರೂ ಎಳೆಯುವ ದನಿ ಅಡಗಿರುತ್ತದೆ, ಡೈನಾಮಿಕ್ ಬ್ರೇಕಿನ ಬ್ಲೋವರ್ ಮಾತ್ರ ಊಳಿಡುತ್ತಿರುತ್ತದೆ. ಫುಲ್ ಥ್ರಾಟಲ್‌ನ ಡ್ರೈವ್ ಹೋಲ್ಡ್ ಗುಂಡಿ ಒತ್ತಿದರೆ ವೇಗ ಇದ್ದಲ್ಲೇ ನಿಂತು, ಥ್ರಾಟಲ್ ಬರಿ ಸದ್ದನ್ನು ಏರಿಸುತ್ತದೆ, ಇಳಿಸುತ್ತದೆ. ಘಾಟ್ ಸೆಕ್ಷನ್ನಿನ ಸತ್ಯ ಮೇಜಿನ ಮೇಲೆ ಬಂದದ್ದು ಆಗ. ಅಪ್‌ಡೇಟಿಗೆ ಖರ್ಚು ಮಾಡಿದ ದುಡ್ಡು ಸಾರ್ಥಕವೆನ್ನಿಸಿದ್ದು ನನಗೆ ಇಲ್ಲೇ.

ಉಳಿದಂತೆ, ಸರಿಯಾಗಿ ಓಡುತ್ತಿರುವ ಎಂಜಿನ್ನಿನ ಫರ್ಮ್‌ವೇರ್ ಮುಟ್ಟುವುದು ಕೈ ತುರಿಕೆಯಷ್ಟೇ. ಯಾವ ದೋಷ ತಿದ್ದಿದ್ದಾರೆ ಎಂದು ಓದಿ, ಆ ದೋಷ ನಿಮ್ಮಲ್ಲಿದ್ದರೆ ಮಾತ್ರ ಮುಂದುವರಿಯಬೇಕು. ಹೊಸ ಸೌಂಡ್ ಫೈಲ್ ಬರೆದಾಗ ಡಿಕೋಡರಿನ ಹಳೆಯ ಸಿವಿಗಳ ಮೇಲೂ ಅದೇ ಕೂರುತ್ತದೆ. ವಾರಗಟ್ಟಲೆ ಕೂತು ಹದ ಮಾಡಿದ ವೇಗದ ರೇಖೆ ಹೋಯಿತು, ವಿಳಾಸ ಕಾರ್ಖಾನೆಯ 3ಕ್ಕೆ ಮರಳಿತು, ಗುಂಡಿಗಳ ಜಾಗ ಪಲ್ಲಟವಾಯಿತು. ಬರೆಯುವ ನಡುವೆ ಕರೆಂಟು ಹೋದರೆ ಕೆಲಸವನ್ನು ಮೊದಲಿನಿಂದ ಹಿಡಿಯಬೇಕು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೇನು, ಪ್ರೋಗ್ರಾಮರ್ ಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ಉಣ್ಣುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೂರಬಾರದು.

ಈಗ ದನಿಯ ಮಾತು. ಇಎಸ್‌ಯುನವರ ಐದನೇ ಪೀಳಿಗೆಯ ಲೋಕ್‌ಸೌಂಡ್ ಡಿಕೋಡರ್ 16 ಬಿಟ್ ಆಳದಲ್ಲಿ, ಸೆಕೆಂಡಿಗೆ 31,250 ಮಾದರಿಗಳಂತೆ, ಹತ್ತು ಸದ್ದುಗಳನ್ನು ಒಟ್ಟಿಗೇ ನುಡಿಸಬಲ್ಲದು. ನಾಲ್ಕನೆಯ ಪೀಳಿಗೆಗಿಂತ ಮಾದರಿಗಳು ದುಪ್ಪಟ್ಟು. ಜಾಹೀರಾತಿನಲ್ಲಿ ಓದಿದರೆ ಖುಷಿಯಾಗುತ್ತದೆ. ಆದರೆ ಮಾದರಿಗಳನ್ನು ದುಪ್ಪಟ್ಟು ಮಾಡಿದಾಗ ಗಳಿಸುವುದು ತಾರಸ್ಥಾಯಿಯನ್ನು, ಎಂಟು ಸಾವಿರ ಹರ್ಟ್ಜ್‌ಗಿಂತ ಮೇಲಿನದನ್ನು. ಡೀಸೆಲ್ ಎಂಜಿನ್ನಿನ ಜೀವ ಇರುವುದು ಮಂದ್ರದಲ್ಲಿ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಹಳೆಯ ಡಬ್ಲ್ಯುಡಿಎಂ-2 ಡೀಸೆಲ್ಲಿನ ಎದೆಯಲ್ಲಿದ್ದದ್ದು ಆಲ್ಕೊ 251, ಹದಿನಾರು ಸಿಲಿಂಡರಿನ ಫೋರ್ ಸ್ಟ್ರೋಕ್, 2600 ಅಶ್ವಶಕ್ತಿ. ನಿಂತಲ್ಲಿ ನಿಮಿಷಕ್ಕೆ 400 ಸುತ್ತು. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರ್ ಸಿಡಿಯುತ್ತದೆ, ಅಂದರೆ ಸೆಕೆಂಡಿಗೆ ಸುಮಾರು 53 ಸಿಡಿತ. ಡಬ್ಲ್ಯುಡಿಜಿ-4ರದು ಜನರಲ್ ಮೋಟಾರ್ಸ್‌ನ ಇಎಂಡಿ 710, ಅದೂ ಹದಿನಾರು ಸಿಲಿಂಡರು, ಆದರೆ ಟೂ ಸ್ಟ್ರೋಕ್, 4000 ಅಶ್ವಶಕ್ತಿ. ಪೂರ್ಣ ನಾಚ್‌ನಲ್ಲಿ ನಿಮಿಷಕ್ಕೆ ಸುಮಾರು 900 ಸುತ್ತು, ಪ್ರತಿ ಸುತ್ತಿಗೂ ಸಿಡಿತ, ಸೆಕೆಂಡಿಗೆ 240. ಆಲ್ಕೊ ಕುಂಟುತ್ತ ಗುಡುಗುಡಿಸುವುದೂ ಇಎಂಡಿ ಒಂದೇ ಎಳೆಯಲ್ಲಿ ಮೊರೆಯುವುದೂ ಈ ವ್ಯತ್ಯಾಸದಿಂದ. ಈಗ ಸ್ಪೀಕರ್ ನೋಡಿ. 1:87 ಅಳತೆಯ ಎಚ್‌ಒ ಎಂಜಿನ್ ಗೇಣಿಗಿಂತ ತುಸು ಉದ್ದ. ಒಳಗೆ ಹಿಡಿಯುವ ಸ್ಪೀಕರ್ ಹೆಬ್ಬೆರಳಿನ ಉಗುರಿನಷ್ಟು. ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿನದು ಅದರಿಂದ ಹೊರಡುವುದೇ ಇಲ್ಲ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ನಡುಗಿಸುತ್ತಿದ್ದ ಆಲ್ಕೊದ ಆ 53 ಹರ್ಟ್ಜ್ ಮಾಡೆಲ್ಲಿನಲ್ಲಿ ಇಲ್ಲವೇ ಇಲ್ಲ. ನಾವು ಕೇಳುವುದು ಅದರ ಮೇಲಿನ ಅನುರಣನಗಳನ್ನು ಮಾತ್ರ, ಉಳಿದದ್ದನ್ನು ನೆನಪು ತುಂಬಿಕೊಳ್ಳುತ್ತದೆ.

ಹಾಗಾಗಿ ಹೊಸ ಫೈಲುಗಳಲ್ಲಿ ಸುಧಾರಿಸಿದ್ದು ಏನು? ಬ್ರೇಕಿನ ಕೀಚಲು, ಗಾಳಿ ಬಿಡುವ ಸುಸ್ಸೆನ್ನುವ ಸದ್ದು, ಕಪ್ಲಿಂಗಿನ ಠಣಕ್ಕು. ಅಲಂಕಾರಗಳೆಲ್ಲ ಫಳಫಳ, ರಾಗದ ಷಡ್ಜ ಮಾತ್ರ ನಾಪತ್ತೆ. ಧಾರವಾಡದ ಕೇಳುಗರೆದುರು ಇಂಥ ಕಛೇರಿ ನಡೆಸಿದರೆ ಮುಂದಿನ ಸಾಲಿನವರು ಎದ್ದು ಹೋಗುತ್ತಾರೆ. ಈ ಕೊರತೆಗೆ ಮದ್ದು ಫೈಲಿನಲ್ಲಿಲ್ಲ. ಮೇಜಿನ ಕೆಳಗೆ ದೊಡ್ಡದೊಂದು ಸ್ಪೀಕರ್ ಇಟ್ಟು ಮಂದ್ರವನ್ನು ಅಲ್ಲಿಂದ ಹೊರಡಿಸುವವರಿದ್ದಾರೆ. ಅಂಥ ಒಂದು ಸ್ಪೀಕರ್ ಮೂರು ಅಪ್‌ಡೇಟುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಮ್ಮ ಎಂಜಿನ್ನಿಗೆ ಯಾವ ಫೈಲ್ ಹಾಕುವುದು ಎಂಬುದು ಇದಕ್ಕಿಂತ ಗಂಭೀರ ಪ್ರಶ್ನೆ. ಡಬ್ಲ್ಯುಡಿಜಿ-4 ಮೂಲತಃ ಜಿಟಿ46ಎಂಎಸಿ. 1990ರ ದಶಕದ ಕೊನೆಗೆ ಭಾರತಕ್ಕೆ ಬಂದಾಗ ಅದಕ್ಕೆ ಮೊದಲ ಮನೆಯಾದದ್ದು ಹುಬ್ಬಳ್ಳಿ ಶೆಡ್. ಅಮೆರಿಕದ ಎಸ್‌ಡಿ70ಎಂಎಸಿಯೊಳಗೂ ಇದೇ ಜಾತಿಯ 710 ಎಂಜಿನ್ ಇರುವುದರಿಂದ ಹವ್ಯಾಸಿಗಳು ಅದರ ಫೈಲನ್ನೇ ಏರಿಸಿಕೊಳ್ಳುತ್ತಾರೆ. ಕೆಟ್ಟ ಆಯ್ಕೆಯೇನಲ್ಲ. ಹೊಟ್ಟೆ ಹೊಂದುತ್ತದೆ, ಗಂಟಲು ಹೊಂದುವುದಿಲ್ಲ. ನಮ್ಮ ಹಾರ್ನಿಗೆ ಎರಡು ದನಿ, ಒಂದು ತಾರ, ಒಂದು ಮಂದ್ರ. ಕೂಗುವ ಕ್ರಮವೂ ಬೇರೆ. ಅಮೆರಿಕದ ಗಾಡಿ ಗೇಟು ಬಂದಾಗ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಕೂಗುತ್ತದೆ, ಹಲವು ಫೈಲುಗಳಲ್ಲಿ ಈ ಸರಣಿಯನ್ನೇ ಒಂದು ಗುಂಡಿಗೆ ಕಟ್ಟಿಟ್ಟಿರುತ್ತಾರೆ. ನಮ್ಮ ಲೊಕೊ ಪೈಲಟ್ ಹಳದಿ ಸಿಳ್ಳೆ ಫಲಕ ಕಂಡ ಮೇಲೆ ಎಳೆಯುವುದು ಒಂದೇ ದೀರ್ಘ ಕೂಗು. ಉಣಕಲ್ಲಿನಲ್ಲೋ ನವಲೂರಿನಲ್ಲೋ ಹಳಿಯ ಪಕ್ಕ ಮನೆಯಿದ್ದವರಿಗೆ ಆ ಕೂಗಿನ ಉದ್ದ, ಅದು ಹತ್ತಿರ ಬಂದು ದಾಟಿದಾಗ ದನಿ ಇಳಿಯುವ ರೀತಿ ನಿದ್ದೆಯಲ್ಲೂ ಗೊತ್ತು.

ಈ ಹವ್ಯಾಸವೇ ರಾಜಿಗಳ ಸರಮಾಲೆ, ನಿಜ. ನಮ್ಮ ಬ್ರಾಡ್‌ಗೇಜಿನ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹಳಿ 19 ಮಿಲಿಮೀಟರಿಗಿಂತ ಅಗಲವಿರಬೇಕು. ಎಲ್ಲರೂ ಓಡಿಸುವುದು ಯುರೋಪಿನ ಅಳತೆಯ 16.5ರ ಮೇಲೆ. ಹಳಿಯ ಸುಳ್ಳು ಕಣ್ಣಿಗೆ ಬೇಗ ಬೀಳುವುದಿಲ್ಲ. ಹಾರ್ನಿನ ಸುಳ್ಳನ್ನು ಪಕ್ಕದ ಕೋಣೆಯಲ್ಲಿರುವ ಅಜ್ಜಿಯೂ ಹಿಡಿಯುತ್ತಾಳೆ.

ಹಾಗಾದರೆ ನಾವೇ ಫೈಲ್ ಮಾಡಬಾರದೇ? ಮಾಡಬಹುದು, ಸಾಫ್ಟ್‌ವೇರ್ ಅದಕ್ಕೆ ಅವಕಾಶ ಕೊಡುತ್ತದೆ. ಕಷ್ಟ ಇರುವುದು ದನಿ ಹಿಡಿಯುವುದರಲ್ಲಿ. ಒಂದು ಡೀಸೆಲ್ ಫೈಲಿಗೆ ಎಂಜಿನ್ ಶುರುವಾಗುವುದು, ಐಡಲ್, ಎಂಟೂ ನಾಚ್‌ಗಳು, ಒಂದರಿಂದ ಮತ್ತೊಂದಕ್ಕೆ ಏರುವ ಇಳಿಯುವ ಸಂಧಿಗಳು, ಬಂದ್ ಆಗುವುದು, ಎಲ್ಲ ಬಿಡಿಬಿಡಿಯಾಗಿ ಬೇಕು. ಪ್ರತಿ ನಾಚ್ ತುದಿಮೊದಲು ಕಾಣದಂತೆ ಸುತ್ತುತ್ತಲೇ ಇರಬೇಕು. ನಿಲ್ದಾಣದಲ್ಲಿ ಮೊಬೈಲ್ ಹಿಡಿದು ನಿಂತರೆ ಇದು ಸಿಗದು. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮಿನ ತುತ್ತತುದಿಗೆ ಹೋದರೂ ಪ್ರಕಟಣೆ, ಚಹಾದವರ ಕೂಗು, ಪಕ್ಕದ ಲೈನಿನ ಗಾಡಿ ಬೆನ್ನು ಬಿಡುವುದಿಲ್ಲ. ಅದಲ್ಲದೆ ಎಂಜಿನ್ ದೂರ ಸರಿದಂತೆ ಶ್ರುತಿಯೇ ಜಾರುತ್ತದೆ. ಸರಿಯಾದ ಜಾಗ ಶೆಡ್. ರಿಪೇರಿಯಾದ ಎಂಜಿನ್ನನ್ನು ನಿಂತಲ್ಲೇ ಲೋಡ್ ಟೆಸ್ಟಿಗೆ ಹಾಕುತ್ತಾರೆ. ಹುಟ್ಟಿದ ವಿದ್ಯುತ್ತು ಶಾಖವಾಗಿ ಹೋಗುತ್ತದೆ, ಎಂಜಿನ್ ಮಾತ್ರ ಗಾಡಿ ಎಳೆಯುವಂತೆಯೇ ದುಡಿಯುತ್ತದೆ. ಎಂಟೂ ನಾಚ್, ಪೂರ್ಣ ಭಾರ, ಅಲುಗದೆ ನಿಂತ ಎಂಜಿನ್. ದನಿ ಹಿಡಿಯುವವನಿಗೆ ಇನ್ನೇನು ಬೇಕು? ಅನುಮತಿ ಬೇಕು, ಅಷ್ಟೇ. ಅದು ಹವ್ಯಾಸಿಯೊಬ್ಬನ ಅರ್ಜಿಗಿಂತ ಒಂದು ಸಂಸ್ಥೆಯ ಪತ್ರಕ್ಕೆ ಸುಲಭವಾಗಿ ಸಿಗುವ ವಸ್ತು. 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಗದಗ ರಸ್ತೆಯ ರೈಲು ಮ್ಯೂಸಿಯಂ ಮನಸ್ಸು ಮಾಡಿದರೆ ಶೆಡ್ ಇರುವುದು ಅದೇ ಊರಿನಲ್ಲಿ. 1950ರಿಂದ ಆಕಾಶವಾಣಿ ಇರುವ ಜೋಡಿನಗರ ಹುಬ್ಬಳ್ಳಿ-ಧಾರವಾಡ, ದನಿ ಹಿಡಿದಿಡುವ ವಿದ್ಯೆ ಹೊರಗಿನಿಂದ ತರಬೇಕಾಗಿಲ್ಲ.

ತಡ ಮಾಡುವಂತೆಯೂ ಇಲ್ಲ. ಆಲ್ಕೊ ಎಂಜಿನ್ನುಗಳ ಕಾಲ ಮುಗಿಯುತ್ತ ಬಂದಿದೆ. ಹಳಿಗಳ ಮೇಲೆ ತಂತಿ ಬಂದು, ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನೊಳಗೇ ವಿದ್ಯುತ್ ಎಂಜಿನ್ನುಗಳು ನಿಂತಿವೆ. ಆಲ್ಕೊ 251ರ ಅಮೆರಿಕನ್ ಫೈಲುಗಳು ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ವಾರಾಣಸಿಯಲ್ಲಿ 1964ರಿಂದ ದಶಕಗಟ್ಟಲೆ ಕಟ್ಟಿ, ನಮ್ಮ ಶೆಡ್ಡುಗಳಲ್ಲಿ ಮತ್ತೆ ಮತ್ತೆ ಬಿಚ್ಚಿ ಜೋಡಿಸಿ, ಟರ್ಬೊ ಬದಲಿಸಿ, 3100 ಅಶ್ವಶಕ್ತಿಗೆ ಏರಿಸಿದ ಎಂಜಿನ್ನಿನ ಸಿಳ್ಳೆ ಆ ಫೈಲುಗಳಲ್ಲಿ ಇರುವುದು ಹೇಗೆ ಸಾಧ್ಯ?

ಹಿಡಿದ ದನಿ ಯಾರದಾಗಿ ಉಳಿಯಬೇಕು ಎಂಬುದನ್ನೂ ಮೊದಲೇ ಯೋಚಿಸಬೇಕು. ಕಂಪನಿಗಳ ಸೌಂಡ್ ಫೈಲುಗಳು ಅವರವರ ಡಿಕೋಡರಿಗೇ ಅಂಟಿಕೊಂಡವು. ನಾಲ್ಕನೆಯ ಪೀಳಿಗೆಯ ಫೈಲ್ ಐದನೆಯದರಲ್ಲಿ ಹಾಗೇ ನಡೆಯುವುದಿಲ್ಲ. ಝಿಮೊದ ಕೆಲವು ಫೈಲುಗಳಿಗೆ ದುಡ್ಡು ಕೊಟ್ಟು ಕೋಡ್ ಕೊಳ್ಳಬೇಕು. ಇದಕ್ಕೆ ಎದುರಾಗಿ ನಿಲ್ಲುವುದು ಜೆಎಂಆರ್‌ಐ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಸೌಂಡ್ ಫೈಲ್ ಬದಲಿಸುವ ಮುನ್ನ ಸಿವಿಗಳನ್ನೆಲ್ಲ ಓದಿ ಕಾಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಇದನ್ನು ಕಟ್ಟಿದವರಲ್ಲಿ ಮುಖ್ಯರಾದ ರಾಬರ್ಟ್ ಜೇಕಬ್ಸನ್ ಬರ್ಕ್‌ಲಿಯ ಭೌತವಿಜ್ಞಾನಿ. ಡಿಕೋಡರುಗಳ ವಿವರವಿದ್ದ ಇವರ ಫೈಲುಗಳನ್ನು ಕಂಪನಿಯೊಂದು ಕರ್ತೃಗಳ ಹೆಸರು ಕಿತ್ತು ತನ್ನ ಸರಕಿಗೆ ಬಳಸಿತೆಂದು ಮೊಕದ್ದಮೆ ನಡೆದು, 2008ರಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಮುಕ್ತ ಪರವಾನಗಿಯ ಷರತ್ತುಗಳಿಗೂ ಕಾಪಿರೈಟ್ ಕಾನೂನಿನ ಬಲವಿದೆ ಎಂದಿತು. ಇಡೀ ಸಾಫ್ಟ್‌ವೇರ್ ಲೋಕ ಇಂದಿಗೂ ಉಲ್ಲೇಖಿಸುವ ತೀರ್ಪು ಆಟದ ರೈಲಿನ ಕೋಣೆಯಿಂದ ಹೊರಟದ್ದು ಎಂಬುದನ್ನು, ಈ ಹವ್ಯಾಸವನ್ನು ಮಕ್ಕಳಾಟವೆನ್ನುವವರಿಗೆ ಹೇಳಬೇಕೆನ್ನಿಸುತ್ತದೆ.

ಆದ್ದರಿಂದ ಶೆಡ್ಡಿನ ಬಾಗಿಲು ತೆರೆದ ದಿನ ಹಿಡಿಯುವ ದನಿಯನ್ನು ನೇರ ಯಾವುದೋ ಕಂಪನಿಯ ಫೈಲಿಗೆ ತುಂಬಿ ಮೂಲವನ್ನು ಅಳಿಸಬಾರದು. ಮೂಲವನ್ನು ಸಾದಾ ವೇವ್ ಫೈಲಾಗಿ, 48 ಕಿಲೋಹರ್ಟ್ಜ್ 24 ಬಿಟ್‌ನಲ್ಲಿ, ಮಂದ್ರ ಕತ್ತರಿಸದೆ ಇಡಬೇಕು. ಇಂದಿನ ಉಗುರಗಲದ ಸ್ಪೀಕರಿಗೆ ಬೇಡವಾದ 53 ಹರ್ಟ್ಜ್ ನಾಳೆ ಯಾವುದಕ್ಕೋ ಬೇಕಾದೀತು. ಎಂಜಿನ್ ನಂಬರು, ತಾರೀಖು, ನಾಚ್, ಮೈಕ್ ಎಷ್ಟು ದೂರವಿತ್ತು ಎಂಬುದು, ಹಾರ್ನ್ ಎಳೆದವರ ಹೆಸರು, ಇಷ್ಟು ಜೊತೆಗಿರಲಿ. ಆರನೆಯ ಪೀಳಿಗೆಯ ಡಿಕೋಡರ್ ಬಂದಾಗ ಅದಕ್ಕೆ ಬೇಕಾದಂತೆ ಕತ್ತರಿಸಿಕೊಳ್ಳುವುದು ಒಂದು ಭಾನುವಾರದ ಕೆಲಸ.