ನಾಯಿಮರಿಗೆ ಹಸಿಮಾಂಸ: ಒಂದು ವಾದದ ಪರಿಶೀಲನೆ

ಎಂಟು ವಾರದ ನಾಯಿಮರಿಯನ್ನು ಮನೆಗೆ ತಂದ ದಿನದಿಂದಲೇ ಅದಕ್ಕೆ ಏನು ತಿನ್ನಿಸಬೇಕೆಂಬ ಸಲಹೆಗಳು ಬರತೊಡಗುತ್ತವೆ. ಅವುಗಳಲ್ಲಿ ಒಂದು ಈಚೆಗೆ ಬಹಳ ಗಟ್ಟಿಯಾಗಿ ಕೇಳಿಬರುತ್ತಿದೆ: ಚೀಲದಲ್ಲಿ ಬರುವ ಒಣ ಆಹಾರ ಬೇಡ, ಬೇಯಿಸಿದ ಅನ್ನವೂ ಬೇಡ, ಹಸಿಮಾಂಸ, ಹಸಿಮೂಳೆ ಕೊಡಿ. ನಾಯಿ ತೋಳದ ವಂಶದ್ದು, ತೋಳ ಒಲೆ ಹೊತ್ತಿಸುವುದಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣ. ಈ ಸಲಹೆಯನ್ನು ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯದ ಪಶುವೈದ್ಯ ಇಯಾನ್ ಬಿಲಿಂಗ್‌ಹರ್ಸ್ಟ್. ಅವರ ‘ಗಿವ್ ಯುವರ್ ಡಾಗ್ ಎ ಬೋನ್’ 1993ರಲ್ಲಿ ಪ್ರಕಟವಾಯಿತು. 1998ರಲ್ಲಿ ಬಂದ ‘ಗ್ರೋ ಯುವರ್ ಪಪ್ಸ್ ವಿತ್ ಬೋನ್ಸ್’ ಮರಿಗಳನ್ನೇ ಕುರಿತದ್ದು. ಪದ್ಧತಿಗೆ ‘ಬಾರ್ಫ್’ ಎಂಬ ಹೆಸರು ನಿಂತಿದೆ. (ಇಂಗ್ಲಿಷಿನ ಆಡುಮಾತಿನಲ್ಲಿ ಈ ಪದಕ್ಕೆ ವಾಂತಿ ಎಂಬ ಅರ್ಥವಿದೆ; ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು.)

ವಾದವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಊಟದ ಹೆಚ್ಚಿನ ಭಾಗ ಮಾಂಸ ಅಂಟಿಕೊಂಡ ಹಸಿಮೂಳೆ. ಜೊತೆಗೆ ಯಕೃತ್ತು ಮೊದಲಾದ ಒಳಾಂಗಗಳು, ಅರೆದ ತರಕಾರಿ. ಪ್ರತಿ ಊಟವೂ ಸಮತೋಲದಲ್ಲಿರಬೇಕಿಲ್ಲ, ಹಲವು ದಿನಗಳ ಅವಧಿಯಲ್ಲಿ ಸಮತೋಲ ಸಾಧಿತವಾಗುತ್ತದೆ. ಮರಿಯನ್ನು ಬೇಗ ದಪ್ಪಗೆ ಬೆಳೆಸಬಾರದು, ತೆಳ್ಳಗೆ ನಿಧಾನವಾಗಿ ಬೆಳೆಸಬೇಕು.

ಈ ಕೊನೆಯ ಮಾತು ಪೂರ್ಣ ಸರಿ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಜೀವನವಿಡೀ 25% ಕಡಿಮೆ ಆಹಾರ ಕೊಡಲಾಯಿತು. ಕಡಿಮೆ ತಿಂದವುಗಳ ಮಧ್ಯಕ ಆಯುಷ್ಯ 13 ವರ್ಷ, ಉಳಿದವುಗಳದು 11.2 ವರ್ಷ. ಸೊಂಟದ ಕೀಲಿನ ದೋಷವೂ ಮೊದಲ ಗುಂಪಿನಲ್ಲಿ ಕಡಿಮೆಯಾಗಿತ್ತು. ಆದರೆ ಎರಡೂ ಗುಂಪುಗಳು ತಿಂದದ್ದು ಕಾರ್ಖಾನೆಯ ಒಣ ಆಹಾರ. ಅಧ್ಯಯನ ನಡೆಸಿದ್ದೂ ಅಂಥ ಆಹಾರ ತಯಾರಿಸುವ ಸಂಸ್ಥೆಯೇ. ಫಲ ಬಂದದ್ದು ಪ್ರಮಾಣದಿಂದ, ಹಸಿತನದಿಂದಲ್ಲ.

ಇನ್ನು ತೋಳದ ಮಾತು. ಸ್ವೀಡನ್ನಿನ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರು 12 ತೋಳ ಹಾಗೂ 60 ನಾಯಿಗಳ ಡಿಎನ್‌ಎ ಹೋಲಿಸಿ 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಮುಖ್ಯ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ ಎರಡು ಪ್ರತಿಗಳಷ್ಟೇ ಇದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳು ಕಂಡುಬಂದವು. ಮಾನವನ ಕಣಜದ ಪಕ್ಕದಲ್ಲಿ ಬಾಳಿದ ಪ್ರಾಣಿಯ ದೇಹದಲ್ಲಿ ಅದರ ಗುರುತು ಉಳಿದಿದೆ. ಬೇಸಾಯಕ್ಕೆ ಸಿಕ್ಕದ ಆಸ್ಟ್ರೇಲಿಯದ ಡಿಂಗೋ ನಾಯಿಯಲ್ಲಿ ತೋಳದಂತೆಯೇ ಎರಡೇ ಪ್ರತಿ. ಮುದ್ದೆ, ಅನ್ನ ತಿಂದು ಬಾಳುವ ನಮ್ಮ ಹಳ್ಳಿಯ ನಾಯಿಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಹಾಗೆಂದು ಈ ಸಂಶೋಧನೆ ಹಸಿಮಾಂಸ ಕೆಟ್ಟದ್ದೆಂದು ಸಾಧಿಸುವುದಿಲ್ಲ. ನಾಯಿಗೆ ಧಾನ್ಯ ಜೀರ್ಣವಾಗದು ಎಂಬ ಮಾತನ್ನು ಮಾತ್ರ ಅದು ತಳ್ಳಿಹಾಕುತ್ತದೆ.

ತೋಳವನ್ನೇ ಮಾದರಿಯಾಗಿ ಇಟ್ಟುಕೊಂಡರೂ ತೊಡಕಿದೆ. ಬೇಟೆಯ ಹೊಟ್ಟೆಯಲ್ಲಿನ ಸೊಪ್ಪಿಗೆ ಬದಲಾಗಿ ಅರೆದ ತರಕಾರಿ ಎನ್ನುವರು. ದೊಡ್ಡ ಬೇಟೆಯ ಹೊಟ್ಟೆಯೊಳಗಿನ ಸೊಪ್ಪನ್ನು ತೋಳ ಸಾಮಾನ್ಯವಾಗಿ ಮುಟ್ಟುವುದಿಲ್ಲ ಎಂಬುದು ತೋಳಗಳನ್ನು ದಶಕಗಳ ಕಾಲ ಅಭ್ಯಸಿಸಿದ ಡೇವಿಡ್ ಮೆಕ್ ಅವರ ಅಭಿಪ್ರಾಯ. ತೋಳದ ಮರಿ ಹಾಲು ಬಿಡುವಾಗ ತಿನ್ನುವುದು ದೊಡ್ಡವು ನುಂಗಿ ತಂದು ಕಕ್ಕಿದ ಆಹಾರವನ್ನು. ಆ ಮರಿಗಳಲ್ಲಿ ಬಹಳಷ್ಟು ವರ್ಷ ತುಂಬುವ ಮೊದಲೇ ಸಾಯುತ್ತವೆ. ವಿಕಾಸಕ್ಕೆ ಬೇಕಾದದ್ದು ಸಂತತಿ ಮುಂದುವರಿಯುವಷ್ಟು ಮರಿಗಳು ಉಳಿಯುವುದು. ನಮ್ಮ ಮನೆಯಲ್ಲಿರುವುದೋ ಒಂದೇ ಮರಿ. ‘ನೈಸರ್ಗಿಕ’ ಎಂಬುದನ್ನು ‘ಪ್ರತಿಯೊಂದಕ್ಕೂ ಹಿತಕರ’ ಎಂದು ಓದಿಕೊಳ್ಳುವುದು ವಿಕಾಸ ಪಾಠದಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪೇ. ಪಶುವೈದ್ಯರ ಪುಸ್ತಕದಲ್ಲಿ ಅದು ಕಂಡರೆ ಬೇಸರವಾಗುತ್ತದೆ.

ಹಸಿಮಾಂಸದ ಪ್ರಯೋಗ ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಮೃಗಾಲಯದ ಸಿಂಹದ ಮರಿಗಳು ಕಾಲು ಬಾಗಿ ಸಾಯುತ್ತಿದ್ದವು. ಅವಕ್ಕೆ ಕೊಡುತ್ತಿದ್ದುದು ಕೊಬ್ಬಿಲ್ಲದ ಹಸಿ ಕುದುರೆಮಾಂಸ. ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟನ್ 1889ರಲ್ಲಿ ವರದಿ ಮಾಡಿದಂತೆ, ಪುಡಿಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಯಕೃತ್ತಿನ ಎಣ್ಣೆ ಸೇರಿಸಿದ ಮೇಲೆ ಮರಿಗಳು ಚೇತರಿಸಿಕೊಂಡವು. ಮೂವತ್ತು ವರ್ಷಗಳ ನಂತರ ಎಡ್ವರ್ಡ್ ಮೆಲನ್ಬಿ ರಿಕೆಟ್ಸ್ ರೋಗದ ಕಾರಣವನ್ನು ಹುಡುಕಿದ್ದು ನಾಯಿಮರಿಗಳ ಮೇಲೆಯೇ. ಮನೆಯೊಳಗಿಟ್ಟು ಮುಖ್ಯವಾಗಿ ಧಾನ್ಯದ ಆಹಾರ ಕೊಟ್ಟ ಮರಿಗಳಿಗೆ ರಿಕೆಟ್ಸ್ ಬಂತು, ಮೀನೆಣ್ಣೆ ಅದನ್ನು ತಡೆಯಿತು. ವಿಟಮಿನ್ ‘ಡಿ’ ಪತ್ತೆಯ ದಾರಿ ತೆರೆದದ್ದು ಹೀಗೆ. (ನಮ್ಮ ಚರ್ಮದಂತೆ ನಾಯಿಯ ಚರ್ಮ ಬಿಸಿಲಿನಲ್ಲಿ ಈ ವಿಟಮಿನ್ನನ್ನು ಸಾಕಷ್ಟು ತಯಾರಿಸಲಾರದು. ಅದು ಊಟದಿಂದಲೇ ಬರಬೇಕು.) ಸಿಂಹದ ಮರಿಗೆ ಹಸಿಮಾಂಸದಿಂದ, ನಾಯಿಮರಿಗೆ ಗಂಜಿಯಿಂದ, ಎರಡೂ ದಾರಿಯಲ್ಲಿ ಮೂಳೆ ಕೆಟ್ಟಿತು. ಹಸಿಯೇ, ಬೇಯಿಸಿದ್ದೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಏನು ಎಷ್ಟಿತ್ತು ಎಂಬುದು ಪ್ರಶ್ನೆ.

ಪುಸ್ತಕಗಳ ನಿಜವಾದ ದೌರ್ಬಲ್ಯ ‘ಕಾಲಕ್ರಮದಲ್ಲಿ ಸಮತೋಲ’ ಎಂಬ ತತ್ತ್ವದಲ್ಲಿದೆ. ಬೆಳೆದ ನಾಯಿಯ ಮಟ್ಟಿಗೆ ಅದು ಸಾಧುವೇ. ಇಂದು ಕೊರತೆಯಾದರೆ ಮೂಳೆಯ ದಾಸ್ತಾನಿನಿಂದ ಎರವಲು, ನಾಳೆ ಮರುಪಾವತಿ. ಮರಿಯ ಬಳಿ ದಾಸ್ತಾನಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಪ್ಯಾರಾಥೈರಾಯಿಡ್ ಗ್ರಂಥಿಯ ಹಾರ್ಮೋನು ಏರಿ, ರಕ್ತದ ಮಟ್ಟ ಕಾಯ್ದುಕೊಳ್ಳಲು ಆಗಷ್ಟೇ ಕಟ್ಟುತ್ತಿರುವ ಮೂಳೆಯನ್ನೇ ಕರಗಿಸುತ್ತದೆ. ಹೆಚ್ಚಾದರೂ ಕ್ಷೇಮವಿಲ್ಲ. ಎಳೆಯ ಮರಿಯ ಕರುಳು ಹೆಚ್ಚುವರಿ ಕ್ಯಾಲ್ಸಿಯಂ ಒಳಬರುವುದನ್ನು ಸರಿಯಾಗಿ ತಡೆಯಲಾರದು. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹೇಜ಼ವಿಂಕೆಲ್ ಮತ್ತು ಸಂಗಡಿಗರು ಗ್ರೇಟ್ ಡೇನ್ ಮರಿಗಳ ಮೇಲೆ ನಡೆಸಿ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಹಾರದ ಒಣತೂಕದ 3.3% ಕ್ಯಾಲ್ಸಿಯಂ ಪಡೆದ ಮರಿಗಳ ಮೂಳೆ ಬೆಳವಣಿಗೆ ಕೆಟ್ಟಿತು. 1.1% ಪಡೆದವು ಹೋಲಿಕೆಯ ಗುಂಪಾಗಿದ್ದವು.

ಇದನ್ನು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ನೋಡಬಹುದು. ಒಂದು ಕಿಲೋ ಕೊಬ್ಬಿಲ್ಲದ ಮಾಂಸದಲ್ಲಿ ಫಾಸ್ಫರಸ್ ಸುಮಾರು 2 ಗ್ರಾಂ, ಕ್ಯಾಲ್ಸಿಯಂ ಬರೀ 0.1 ಗ್ರಾಂ. ಮರಿಗೆ ಬೇಕಾದ್ದು ಕ್ಯಾಲ್ಸಿಯಂ ಫಾಸ್ಫರಸ್‌ಗಿಂತ ಕಡಿಮೆಯಾಗದಂತಿರುವ ಆಹಾರ. ಇಲ್ಲಿ ಇರುವುದು ಇಪ್ಪತ್ತನೆಯ ಒಂದು ಭಾಗ. ಮೂಳೆ ಸೇರಿಸೋಣ. ಮೂಳೆಯ ಖನಿಜವನ್ನು ಹೈಡ್ರಾಕ್ಸಿಅಪಟೈಟ್ ಎಂದು ಹಿಡಿದರೆ, ಅದರಲ್ಲಿ ಕ್ಯಾಲ್ಸಿಯಂ ತೂಕದಲ್ಲಿ ಫಾಸ್ಫರಸ್‌ನ 2.16ರಷ್ಟು. ಎರಡೂ ಸಮವಾಗಲು ಸುಮಾರು 9 ಗ್ರಾಂ ಮೂಳೆಖನಿಜ ಬೇಕು. ಮೇಲ್ಮಿತಿ ಎಷ್ಟು? ದೊಡ್ಡ ತಳಿಯ ಮರಿಗಳಿಗೆ ಒಣತೂಕದ 1.8% ಕ್ಯಾಲ್ಸಿಯಂ ಮೀರಬಾರದೆಂಬುದು ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘದ ನಿಯಮ. ನಮ್ಮ ಲೆಕ್ಕದಲ್ಲಿ ಸುಮಾರು 12 ಗ್ರಾಂ ಖನಿಜಕ್ಕೇ ಆ ಮಿತಿ ಮುಟ್ಟುತ್ತದೆ. 16 ಗ್ರಾಂ ಹಾಕಿದರೆ ಅನುಪಾತ 1.3ಕ್ಕೆ 1, ಕಣ್ಣಿಗೆ ಆದರ್ಶವಾಗಿ ಕಾಣುತ್ತದೆ. ಆದರೆ ಒಟ್ಟು ಪ್ರಮಾಣ 2.3% ಆಸುಪಾಸಿಗೆ ಏರಿರುತ್ತದೆ. ಮೂಳೆ ತನ್ನೊಡನೆ ಫಾಸ್ಫರಸ್ಸನ್ನೂ ತರುವುದರಿಂದ ಅನುಪಾತ ಸರಿಯಿದ್ದೂ ಮೊತ್ತ ಮೀರಬಲ್ಲದು. ಕೊಬ್ಬು, ಒಳಾಂಗ, ತರಕಾರಿ ಸೇರಿದಾಗ ಅಂಕಿಗಳು ಅತ್ತಿತ್ತ ಸರಿಯುತ್ತವೆ. ಆದರೂ ಕಿಲೋ ಮಾಂಸಕ್ಕೆ 9ಕ್ಕೂ 12ಕ್ಕೂ ನಡುವಣ ಮೂರು ಗ್ರಾಂ ಅಂತರ ಎಷ್ಟು ಇಕ್ಕಟ್ಟಿನದೆಂದು ಗಮನಿಸಿ. ಎಳೆಯ ಬ್ರಾಯ್ಲರ್ ಕೋಳಿಯ ಮೂಳೆಗೂ ಬಲಿತ ಕುರಿಯ ಮೂಳೆಗೂ ಖನಿಜಾಂಶ ಬೇರೆ, ಕತ್ತಿಗೂ ರೆಕ್ಕೆಗೂ ಅಂಟಿದ ಮಾಂಸ ಬೇರೆ. ಕಣ್ಣಳತೆಯಲ್ಲಿ ಇದು ಸಾಧ್ಯವೇ? ಜರ್ಮನಿಯಲ್ಲಿ ಬೆಳೆದ ನಾಯಿಗಳ 95 ಬಾರ್ಫ್ ಊಟಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ 60% ಊಟಗಳಲ್ಲಿ ಒಂದಾದರೂ ದೊಡ್ಡ ಅಸಮತೋಲವಿತ್ತು. ಅನುಭವದ ಬಲದಿಂದ ಮಾತನಾಡುವ ಬಿಲಿಂಗ್‌ಹರ್ಸ್ಟ್, ಈ ಬಗೆಯ ತೂಕ-ಅಳತೆಗೆ ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ.

ಹೊಸದಾಗಿ ಬಂದ ಮರಿಯ ವಿಷಯದಲ್ಲಿ ಸಮಯವೂ ಪ್ರತಿಕೂಲ. ತಾಯಿಯಿಂದ ಅಗಲಿಕೆ, ಹೊಸ ಮನೆ, ತಾಯಿಯಿಂದ ಬಂದ ಪ್ರತಿಕಾಯಗಳು ಇಳಿಯುತ್ತಿರುವ ಹಾಗೂ ಲಸಿಕೆ ಇನ್ನೂ ಮುಗಿಯದ ವಾರಗಳು. ಒಮ್ಮೆಗೇ ಆಹಾರ ಬದಲಿಸಿದರೆ ಭೇದಿಯಾಗುವುದು ಸಾಮಾನ್ಯ. ಅದೇ ಭೇದಿ ಪಾರ್ವೊ ವೈರಸ್ ರೋಗದ ಲಕ್ಷಣವೂ ಹೌದು. ‘ಆಹಾರ ಒಗ್ಗುತ್ತಿದೆ, ಸರಿಹೋಗುತ್ತದೆ’ ಎಂದು ಎರಡು ದಿನ ಕಾದರೆ ಮರಿಯ ಜೀವಕ್ಕೇ ಸಂಚಕಾರ. ಆದ್ದರಿಂದ ಹಿಂದಿನ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮೊದಲ ಒಂದೆರಡು ವಾರ ಮುಂದುವರಿಸಿ, ನಂತರ ಮರಿಗಳಿಗೆಂದೇ ಸಮತೋಲಗೊಳಿಸಿದ ಆಹಾರಕ್ಕೆ ಏಳು-ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸುವುದು ಕ್ಷೇಮ. ಹಸಿಮಾಂಸವೇ ಬೇಕೆನ್ನುವವರು ಬೆಳವಣಿಗೆ ಮುಗಿಯುವವರೆಗೆ, ಅಂದರೆ ಸಣ್ಣ ತಳಿಗಳಲ್ಲಿ ಸುಮಾರು ಒಂದು ವರ್ಷ, ದೊಡ್ಡವುಗಳಲ್ಲಿ ಒಂದೂವರೆ ವರ್ಷ ಕಾಯಬೇಕು. ಆಮೇಲೂ ಪೋಷಣಾಶಾಸ್ತ್ರ ಬಲ್ಲ ಪಶುವೈದ್ಯರು ತೂಕ ಹಾಕಿ ಬರೆದುಕೊಟ್ಟ ಊಟವಿರಬೇಕು.

ಮನೆಯ ಮಕ್ಕಳ ಮಾತೂ ಇದೆ. ಕೆನಡಾದಲ್ಲಿ 2002ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ ಬಾರ್ಫ್ ಊಟದ ಮಾದರಿಗಳಲ್ಲಿ 80%, ಅದನ್ನು ತಿಂದ ನಾಯಿಗಳ ಮಲದ ಮಾದರಿಗಳಲ್ಲಿ 30% ಸಾಲ್ಮೊನೆಲ್ಲಾ ಹೊಂದಿದ್ದವು. ಹತ್ತೇ ನಾಯಿಗಳು, ನಿಜ. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010-12ರಲ್ಲಿ ಪರೀಕ್ಷಿಸಿದ 196 ಹಸಿ ಆಹಾರ ಮಾದರಿಗಳಲ್ಲೂ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ನಾಯಿ ಆರೋಗ್ಯವಾಗಿ ಕಾಣುತ್ತಲೇ ಈ ಬ್ಯಾಕ್ಟೀರಿಯಾಗಳನ್ನು ಹೊರಹಾಕಬಲ್ಲದು. ಅದು ಮುಖ ನೆಕ್ಕುವ ಮಗುವಿಗೆ ಅಪಾಯ. ಒಂದೇ ಮರದ ಕೊರಡಿನ ಮೇಲೆ ದಿನವಿಡೀ ಕೋಳಿ ಕತ್ತರಿಸುವ ನಮ್ಮ ಅಂಗಡಿಗಳ ಮಾಂಸವನ್ನು ಬೇಯಿಸದೆ ಬಳಸುವುದಂತೂ ಇನ್ನೂ ಯೋಚಿಸಬೇಕಾದ ಸಂಗತಿ. ಕುರಿಯ ಹಸಿ ಒಳಾಂಗದಲ್ಲಿ ಹೈಡಾಟಿಡ್ ಗಂಟುಗಳಿದ್ದರೆ ನಾಯಿಯ ಕರುಳಿನಲ್ಲಿ ಎಕೈನೊಕಾಕಸ್ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿ ಯಕೃತ್ತಿನಲ್ಲಿ ಗಂಟು ಕಟ್ಟುತ್ತದೆ. ಹಲವು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿಟ್ಟರೆ ಆ ಗಂಟಿನೊಳಗಿನ ಮರಿಹುಳುಗಳು ಸಾಯುತ್ತವೆ. ಸಾಲ್ಮೊನೆಲ್ಲಾ ಮಾತ್ರ ಹಿಮದಲ್ಲೂ ಬದುಕಿದ್ದು, ಮಾಂಸ ಕರಗಿದೊಡನೆ ಮತ್ತೆ ವೃದ್ಧಿಯಾಗತೊಡಗುತ್ತದೆ.