ಹಾದಿ ಯಾರದು? ಹೊರೆ ಯಾರದು?

ಗೆಳೆಯರೆ, ಧರ್ಮದ ಮಾತು ಬಂದರೆ ನಮ್ಮ ಬಂಡಾಯದ ಸಭೆಗಳಲ್ಲಿ ಬುದ್ಧ, ಬಸವ ಎಂಬ ಎರಡು ಹೆಸರು ಕೇಳುತ್ತವೆ. ಕೇಳಲೇಬೇಕು. ಆದರೆ ಶಿಲುಬೆಯ ಮಾತೆತ್ತಿದ ಕೂಡಲೆ 'ಅದು ಬಿಡಿ ಮಾರಾಯ್ರೆ, ಅದು ಪರದೇಶದ್ದು' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಕಾರವಾರ, ಅಂಕೋಲೆ ಕಡೆಯಿಂದ ಬಂದ ನಮಗೆ ಹಾಗೆ ಬಿಡಲು ಬರುವುದಿಲ್ಲ. ಇಗರ್ಜಿಯ ಗಂಟೆಯೂ ದೇವಸ್ಥಾನದ ಜಾಗಟೆಯೂ ನಮ್ಮ ಕಡಲಂಚಿನಲ್ಲಿ ಒಂದೇ ಗಾಳಿಗೆ ಕೇಳುತ್ತವೆ. ಎರಡರ ಅಂಗಳದಲ್ಲೂ ಜಾತಿ ಚಾಪೆ ಹಾಸಿ ಕೂತದ್ದನ್ನು ಕಂಡವರು ನಾವು.

ಯಾರೋ ಒಬ್ಬರು ಹೊಸ ಹಾದಿ ಹಾಕಿದರು, ಉಳಿದವರು ಹಿಂದೆ ನಡೆದರು. ಎಲ್ಲ ಧರ್ಮಗಳೂ ತಮ್ಮ ಚರಿತ್ರೆಯನ್ನು ಹೀಗೇ ಹೇಳಿಕೊಳ್ಳುತ್ತವೆ. ನಾವು ಕೇಳಬೇಕಾದದ್ದು ಬೇರೆ. ಆ ಹಾದಿಯಲ್ಲಿ ಹೊರೆ ಯಾರ ತಲೆಯ ಮೇಲಿತ್ತು? ಹಿಂದೆ ನಡೆದವನಿಗೆ ಒಂದು ದಿನವಾದರೂ ಮುಂದೆ ನಡೆಯಲು ಬಿಟ್ಟರೆ? ಈ ಎರಡು ಪ್ರಶ್ನೆಗಳ ಎದುರಿಗೆ ಒಂದು ಕಾವ್ಯ, ಒಬ್ಬ ಸಂತನ ಕತೆ, ಒಂದು ಕೌದಿಯನ್ನು ಇಟ್ಟು ನೋಡೋಣ.

ಮೊದಲು ಕಾವ್ಯ. ಇಂಗ್ಲೆಂಡಿನಿಂದ ಗೋವೆಗೆ ಬಂದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸರ 'ಕ್ರಿಸ್ತ ಪುರಾಣ' 1616ರಲ್ಲಿ ಅಚ್ಚಾಯಿತು. ಕೊಂಕಣಿ ಬೆರೆತ ಮರಾಠಿ, ಓವಿ ಛಂದಸ್ಸು, ಸುಮಾರು 11,000 ಪದ್ಯ. ಬಿಳಿಯನೊಬ್ಬ ಲ್ಯಾಟಿನ್ನನ್ನು ಪಕ್ಕಕ್ಕಿಟ್ಟು ಈ ನೆಲದ ನುಡಿಗೆ ಬಾಯಿ ಕೊಟ್ಟದ್ದು ಸಣ್ಣ ಸಂಗತಿಯಲ್ಲ. 1907ರಲ್ಲಿ ಮಂಗಳೂರಿನಲ್ಲಿ ಅದು ಮತ್ತೆ ಅಚ್ಚಾಯಿತೆಂದರೆ ಮುನ್ನೂರು ವರ್ಷವಾದರೂ ಅದು ಸತ್ತಿರಲಿಲ್ಲ ಎಂದೇ ಅರ್ಥ. ಆದರೆ ಇದು ಬೀಸುಕಲ್ಲಿನ ಮುಂದೆ ಕೂತವಳ ಓವಿಯಲ್ಲ, ಗ್ರಂಥದ ಓವಿ. ಕ್ರಿಸ್ತ ಇಲ್ಲಿ ದೇಶೀಯನಾದ, ನಿಜ. ದೇಶೀಯ ಅಂದರೆ ಪುರಾಣ, ಪುರಾಣ ಅಂದರೆ ಮೇಲಿನವರ ಅಂಗಳ. ಅಂಗಳದಾಚೆ ನಿಂತವನಿಗೆ ಹಳೆಯ ಪುರಾಣವೂ ದೂರ, ಹೊಸ ಪುರಾಣವೂ ದೂರ. ಪರಕೀಯತೆ ಹೋದರೆ ಸಾಕು, ಜಾತಿ ತಾನಾಗಿ ಹೋಗುತ್ತದೆ ಎಂಬ ಭ್ರಮೆ ಹುಟ್ಟುವುದು ಇಲ್ಲೇ. ನಮ್ಮ ನವೋದಯದವರಿಗೂ ಇದೇ ಭ್ರಮೆ ಇತ್ತು.

ಎರಡನೆಯದು ಸಂತನ ಕತೆ. ಜೋಸೆಫ್ ವಾಜ್ ಹುಟ್ಟಿದ್ದು 1651ರಲ್ಲಿ, ಗೋವೆಯ ಬೆನಾವ್ಲಿಯಲ್ಲಿ. ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಮನೆತನ. 1681ರಿಂದ 1684ರವರೆಗೆ ಕೆನರಾ ಕರಾವಳಿಯ ಕ್ರೈಸ್ತರ ನಡುವೆ ದುಡಿದರು. ಗೋವೆ ದಾಟಿ ತೆಂಕಕ್ಕೆ ಇಳಿದರೆ ಈ ಕರಾವಳಿಯಲ್ಲಿ ಮೊದಲು ಸಿಗುವ ನೆಲ ನಮ್ಮದೇ. ಆ ಕಾಲಕ್ಕೆ ಬಿಳಿಯರ ಸನ್ಯಾಸಿ ಸಂಘಗಳು ಇಲ್ಲಿಯವರಿಗೆ ಬಾಗಿಲು ಹಾಕಿದ್ದವು. ಗೋವೆಯ ದೇಶೀಯ ಪಾದ್ರಿಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು, ಅದೇ ಒರೆಟರಿ. ವಾಜ್ ಅದನ್ನು ನೆಲೆಗೊಳಿಸಿದರು. ಡಚ್ಚರು ಕ್ಯಾಥೊಲಿಕರನ್ನು ಹತ್ತಿಕ್ಕಿದ್ದ ಸಿಲೋನಿಗೆ 1687ರಲ್ಲಿ ಭಿಕ್ಷುಕನ ವೇಷದಲ್ಲಿ ಹೊಕ್ಕರು. 1697ರ ಸಿಡುಬಿನಲ್ಲಿ ಕ್ಯಾಂಡಿಯ ರೋಗಿಗಳನ್ನು, ಜನ ಬಿಟ್ಟೋಡಿದವರನ್ನು, ಕೈಯಾರೆ ನೋಡಿಕೊಂಡರು. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಈ ಮನುಷ್ಯನ ಎದೆಗಾರಿಕೆಗೆ ನಾವು ತಲೆಬಾಗುತ್ತೇವೆ. ವಿಮರ್ಶೆ ಅಂದರೆ ಕಲ್ಲು ಹೊಡೆಯುವುದಲ್ಲ. ಆದರೂ ಕೇಳಬೇಕು: ಬಿಳಿಯರು ಹಾಕಿದ ಬಾಗಿಲ ಮುಂದೆ ಕಟ್ಟಿದ ಆ ಸಂಘದ ಬಾಗಿಲು ಯಾರಿಗೆ ತೆರೆದಿತ್ತು? ಬ್ರಾಹ್ಮಣ ಮೂಲದವರಿಗೆ ಮಾತ್ರ. ಬಿಳಿಯನ ಎದುರು ಬಂಡಾಯ, ಕೆಳಗಿನವನ ಎದುರು ಬಾಗಿಲು! ವಾಜ್ ಒಬ್ಬರೇ ಹೋದವರೂ ಅಲ್ಲ. ಮನೆಯ ಸೇವಕ ಜುವಾಂವ್ ಜೊತೆಗಿದ್ದ. ಅದೇ ದೂರ ನಡೆದವ, ಅದೇ ವೈರಿಗಳ ನಾಡು ಹೊಕ್ಕವ. ಒಬ್ಬರು ಸಂತರಾದರು, ಇನ್ನೊಬ್ಬ 'ನಿಷ್ಠಾವಂತ ಸೇವಕ' ಎಂಬ ಎರಡು ಮಾತಿಗೆ ಮುಗಿದ. ಕಾಲು ನಾಲ್ಕು, ಹಾದಿ ಒಬ್ಬರದು. ಇದು ಸಂತರ ತಪ್ಪು ಎನ್ನುವುದಕ್ಕಿಂತ ಕತೆ ಬರೆದವರ ಕಣ್ಣಿನ ತಪ್ಪು.

ಮೂರನೆಯದು ಕೌದಿ. ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆ ಹಿಡಿದು ಘಟ್ಟ ಹತ್ತಿದರೆ ಯಲ್ಲಾಪುರ, ಅದರಾಚೆ ಹಳಿಯಾಳ. ಅಲ್ಲಿಯ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರು, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು, ಅಂಥವರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ಯಾಥೊಲಿಕರೂ ಇದ್ದಾರೆ. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಆದ ಮೇಲೆ ಈ ಕ್ಯಾಥೊಲಿಕರು ಅದರ ಮಡಿಲಿಗೆ ಬಂದರು. ಯಜಮಾನ ಹೊರಿಸಿದ ಧರ್ಮವನ್ನೇ ಇವರು ಏನು ಮಾಡಿಕೊಂಡರು ನೋಡಿ.

ಸಿದ್ದಿ ಹೆಂಗಸರು ಹಳೆ ಸೀರೆ, ಹರಿದ ಅಂಗಿಯ ತುಂಡುಗಳಿಂದ ಕವಂದಿ ಹೊಲಿಯುತ್ತಾರೆ. ಹೊಲಿಗೆ ಒಂದು ಮೂಲೆಯಲ್ಲಿ ಹಿಡಿದು, ಅಂಚಿನ ಸುತ್ತ ಸುತ್ತಿ ಸುತ್ತಿ ಕೊನೆಗೆ ನಡುವಿಗೆ ಬರುತ್ತದೆ. ಮೂಲೆಗಳಿಗೆ 'ಫುಲಾ' ಎಂಬ ಪುಟ್ಟ ಹೂವು. ಅದಿಲ್ಲದಿದ್ದರೆ ಕವಂದಿ ಬತ್ತಲೆ ಎನ್ನುತ್ತಾರೆ. ಕ್ಯಾಥೊಲಿಕ್ ಮನೆಯವಳು ಅದರಲ್ಲಿ ಶಿಲುಬೆಯನ್ನೂ ಹೊಲಿಯುತ್ತಾಳೆ. ಬಲಿಪೀಠದ ಮೇಲಿನ ಚಿನ್ನದ ಶಿಲುಬೆಯಲ್ಲ, ಮಗು ಹೊದ್ದು ಮಲಗುವ ಶಿಲುಬೆ. ಅದನ್ನು ಕಲಿಯಲು ಪದವಿ ಬೇಡ, ಕುಲ ಬೇಡ, ಪಕ್ಕದಲ್ಲಿ ಕೂತರೆ ಸಾಕು. ಬೇರೆಯವರೂ ನಡೆಯಬಹುದಾದ ಹಾದಿ ಅಂದರೆ ನಮಗೆ ಇದು. 11,000 ಓವಿಗಳಿಗಿಂತ ಈ ಕವಂದಿ ದೊಡ್ಡ ಕೃತಿ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಹಾಗಂತ ಶಿಲುಬೆ ಹೊಲಿದ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. ಸಿದ್ದಿಗಳು ಕೂಗಿ ಕೂಗಿ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಪಂಗಡದ ಪಟ್ಟಿಗೆ ಧರ್ಮದ ಕಟ್ಟಿಲ್ಲ. ಹಾಗಾಗಿ ಕ್ರೈಸ್ತ ಸಿದ್ದಿಯ ಮಗಳಿಗೂ ಆ ಹಕ್ಕಿದೆ. ದಲಿತನಿಗೆ ಹಾಗಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಗೆ ಹಿಂದೂ ಎಂಬ ಬೇಲಿ ಹಾಕಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬೇಲಿ ಸರಿಯಿತು, ಕ್ರೈಸ್ತರಿಗೆ, ಮುಸ್ಲಿಮರಿಗೆ ಸರಿಯಲಿಲ್ಲ. ಜಾತಿಯನ್ನು ಧರ್ಮದಿಂದ ಬಿಡಿಸಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ಮತ್ತೊಂದು ಆಯೋಗ ಕೂರಿಸಿದರು. ಆಯೋಗಗಳು ಕೂರುತ್ತವೆ, ಹುಡುಗರು ನಿಂತೇ ಇರುತ್ತಾರೆ.

ನಮ್ಮ ಜೊತೆ ಓದಿದ ಗೆಳೆಯನೊಬ್ಬನಿದ್ದ. ಭಾನುವಾರ ಒಂದು ಹೆಸರು, ಸೋಮವಾರ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಇನ್ನೊಂದು ಹೆಸರು. 'ಯೇಸು ಜಾತಿ ಕೇಳೂದಿಲ್ಲ, ಅರ್ಜಿ ಕೇಳ್ತದೆ' ಅಂತ ನಗುತ್ತಿದ್ದ. ಅವನ ಪಾಡನ್ನು ನಾವು ಕವಿತೆ ಮಾಡಲಿಲ್ಲ. ಅವನಿದ್ದ ಕೋಣೆಯಲ್ಲೇ ಕೂತು ಶೋಷಣೆಯ ಮೇಲೆ ಪುಟಗಟ್ಟಲೆ ಬರೆದೆವು. ಹಾಗಾದರೆ ಜುವಾಂವನ ಹೆಸರನ್ನು ಎರಡು ಮಾತಿಗೆ ಮುಗಿಸಿದವರಿಗೂ ನಮಗೂ ಏನು ಫರಕು?

ಊರೂರಿನ ಮೇಷ್ಟ್ರುಗಳೆ, ನಿಮ್ಮ ತರಗತಿಯಲ್ಲೂ ಎರಡು ಹೆಸರಿನ ಮಗು ಕೂತಿರಬಹುದು. ಅದರ ಗುಟ್ಟು ಹೊರಗೆಳೆಯಬೇಡಿ, ಅದರ ಪಕ್ಕ ನಿಲ್ಲಿ. ಸಂಘಟನೆಯ ಗೆಳೆಯರೆ, ಬೇಡಿಕೆಗಳ ಪಟ್ಟಿಯಲ್ಲಿ 1950ರ ಬೇಲಿಯ ಮಾತನ್ನೂ ಬರೆಯಿರಿ. ಕವಿಗಳೆ, ನಾವೂ ಸೇರಿ, ಮುಂದೆ ಹೋದವರ ಹಾಡು ಬೇಕಾದಷ್ಟಿದೆ. ಇನ್ನು ಹೊರೆ ಹೊತ್ತವರ ಹೆಸರು ಕೇಳಿಕೊಂಡು ಬರೋಣ.